ಇಪನೇಮದ ಹಾಡಿನಲ್ಲಿ ಒಂದು ಎಳೆಯ ಕಂಠ

ಸಂಗೀತವನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಪಳಗಿದ ಕಂಠಗಳನ್ನು ಕುರಿತೇ ಬರೆಯುತ್ತಾರೆ. ಪಳಗದ ಕಂಠವೊಂದು ಮೊದಲ ಬಾರಿಗೆ ಧ್ವನಿಮುದ್ರಣದ ಕೋಣೆಯನ್ನು ಹೊಕ್ಕಾಗ ಅಲ್ಲಿ ಏನು ನಡೆಯಿತು, ಲೋಕ ಅದನ್ನು ಹೇಗೆ ಕೇಳಿತು ಎಂಬುದು ವಿಮರ್ಶೆಗೆ ತಕ್ಕ ವಿಷಯವೆಂದು ಅನೇಕರಿಗೆ ತೋರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಹೆದರಿದ ಹುಡುಗಿಯೊಬ್ಬಳನ್ನು ಮೈಕಿನ ಮುಂದೆ ನಿಲ್ಲಿಸಬೇಕಾಗುವ ಅಧ್ಯಾಪಕ ಬಂಧುಗಳಿಗೆ ಇದು ಬೇಡದ ಮಾತಾಗಲಾರದೆಂದು ನಂಬಿ, ‘ಗೆಟ್ಜ್–ಜಿಲ್ಬರ್ಟೊ’ ಎಂಬ ಪ್ರಸಿದ್ಧ ಧ್ವನಿಮುದ್ರಿಕೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈ ತಟ್ಟೆ ಮುದ್ರಣವಾದುದು 1963ರ ಮಾರ್ಚ್ 18 ಮತ್ತು 19ರಂದು, ನ್ಯೂಯಾರ್ಕಿನ ಎ ಅಂಡ್ ಆರ್ ಸ್ಟುಡಿಯೋದಲ್ಲಿ. ಅಮೆರಿಕದ ಸ್ಟ್ಯಾನ್ ಗೆಟ್ಜ್ ಸ್ಯಾಕ್ಸೊಫೋನ್ ನುಡಿಸಿದರು. ಬ್ರೆಜಿಲಿನ ಜೋವಾವ್ ಜಿಲ್ಬರ್ಟೊ ಗಿಟಾರ್ ನುಡಿಸುತ್ತ ಹಾಡಿದರು. ಎಂಟು ಹಾಡುಗಳಲ್ಲಿ ಹೆಚ್ಚಿನವಕ್ಕೆ ಸ್ವರ ಹೊಂದಿಸಿದ ಅಂತೋನಿಯೊ ಕಾರ್ಲೋಸ್ ಜೊಬಿಮ್ ಪಿಯಾನೋದ ಮುಂದೆ ಕುಳಿತಿದ್ದರು. ಫಿಲ್ ರಮೋನ್ ಮುದ್ರಣದ ಯಂತ್ರಗಳನ್ನು ನೋಡಿಕೊಂಡರೆ, ವರ್ವ್ ಕಂಪನಿಯ ಪರವಾಗಿ ಕ್ರೀಡ್ ಟೇಲರ್ ನಿರ್ಮಾಪಕರಾಗಿದ್ದರು. ಇವರೆಲ್ಲರ ನಡುವೆ, ಅದುವರೆಗೆ ಒಂದು ತಟ್ಟೆಗೂ ಹಾಡದಿದ್ದ ಇಪ್ಪತ್ತೆರಡು ವರ್ಷದ ತರುಣಿಯೊಬ್ಬರಿದ್ದರು: ಜೋವಾವ್ ಅವರ ಪತ್ನಿ ಆಸ್ಟ್ರುಡ್. ತಟ್ಟೆಯ ಎರಡು ಹಾಡುಗಳಲ್ಲಿ ಮಾತ್ರ ಆಕೆಯ ಧ್ವನಿಯಿದೆ. ಆ ಎರಡರಲ್ಲಿ ಒಂದು ‘ಇಪನೇಮದ ಹುಡುಗಿ’.

ಬೊಸ್ಸಾ ನೋವಾ ಎಂಬ ಈ ಗಾನಪದ್ಧತಿಯ ಲಕ್ಷಣವನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಇದು 1950ರ ದಶಕದ ಕೊನೆಯಲ್ಲಿ ರಿಯೋ ನಗರದಲ್ಲಿ ಹುಟ್ಟಿತು. ಸಾಂಬಾದ ಬೀದಿಯ ತಾಳವನ್ನು ಗಿಟಾರಿನ ತಂತಿಗಳ ಮೇಲಕ್ಕೆ ಇಳಿಸಿಕೊಂಡು, ಕಂಠವನ್ನು ಎತ್ತದೆ, ಪಕ್ಕದಲ್ಲಿ ಕುಳಿತವರೊಡನೆ ಮಾತಾಡುವಂತೆ ಹಾಡುವುದು ಇದರ ರೀತಿ. ಮೈಕ್ರೊಫೋನು ಇಲ್ಲದಿದ್ದರೆ ಈ ಗಾನವೇ ಇಲ್ಲ. ನಮ್ಮ ಭಾವಗೀತಗಾಯನವೂ ಒಂದು ಮಟ್ಟಿಗೆ ಇದೇ ಯಂತ್ರಕ್ಕೆ ಋಣಿಯಾಗಿದೆಯೆಂಬುದನ್ನು ನೆನೆದರೆ ಈ ದೂರದ ಸಂಗೀತ ಅಷ್ಟೇನೂ ದೂರವೆನಿಸದು.

ಆಸ್ಟ್ರುಡ್ ಅವರ ಧ್ವನಿಯನ್ನು ನಮ್ಮ ಅಳತೆಗೋಲಿನಿಂದ ಅಳೆದರೆ ದೋಷಗಳು ಕೂಡಲೇ ಕಾಣುತ್ತವೆ. ಸ್ವರದಲ್ಲಿ ಕಂಪನವಿಲ್ಲ, ಅಲಂಕಾರವಿಲ್ಲ. ಕೆಲವೆಡೆ ಸ್ವರಸ್ಥಾನಕ್ಕೆ ಕೂದಲೆಳೆಯಷ್ಟು ಕೆಳಗೇ ನಿಲ್ಲುವುದೂ ಉಂಟು. ಇಷ್ಟನ್ನೇ ಕೇಳಿದವರು ‘ಪಾಪ, ಏನೂ ಅರಿಯದ ಹುಡುಗಿ’ ಎಂದರು. ಮೆಚ್ಚಿದವರೂ ಹಾಗೆಯೇ ಹೇಳಿ ಮೆಚ್ಚಿದರು. ಈ ಮೆಚ್ಚುಗೆಯನ್ನು ನಾವು ಒಪ್ಪಲಾರೆವು. ಹಾಡಿನ ನಡುಭಾಗವನ್ನು ಗಮನವಿಟ್ಟು ಕೇಳಬೇಕು. ಅಲ್ಲಿ ಒಂದೇ ಸ್ವರವಾಕ್ಯ ಮೂರು ಬಾರಿ ಬರುತ್ತದೆ. ಎರಡನೆಯ ಬಾರಿ ಅದು ಮೂರು ಅರ್ಧಸ್ವರಗಳಷ್ಟು ಮೇಲೇರುತ್ತದೆ. ಮೂರನೆಯ ಬಾರಿ ಇನ್ನೂ ಒಂದು ಅರ್ಧಸ್ವರ. ಕೆಳಗಿನ ಪಿಯಾನೋದ ಸ್ವರಮೇಳವೂ ಅದರೊಡನೆ ಜಾರುತ್ತದೆ. ಆಧಾರಷಡ್ಜವೇ ಕಾಲ ಕೆಳಗಿನಿಂದ ಸರಿದಂತಾಗುವ ಈ ಸ್ಥಳದಲ್ಲಿ ನಿಜವಾಗಿ ಏನೂ ಅರಿಯದವರು ತಡವರಿಸದೆ ಇರಲಾರರು. ಆಸ್ಟ್ರುಡ್ ತಡವರಿಸುವುದಿಲ್ಲ. ಏರುವಾಗ ಒತ್ತಡ ಹಾಕುವುದಿಲ್ಲ, ಏರಿದೆನೆಂದು ತೋರಿಸುವುದೂ ಇಲ್ಲ. ಒಪ್ಪದ ಸ್ವರವನ್ನು ಬಲ್ಲ ಕಿವಿಯಿಲ್ಲದೆ ಈ ಸಮಾಧಾನ ಬರುವುದಲ್ಲ. ಆಕೆ ಮನೆಯಲ್ಲಿ ಪತಿಯ ಗಿಟಾರಿನೊಡನೆ ಹಾಡಿಕೊಳ್ಳುತ್ತಿದ್ದರು. 1960ರಲ್ಲಿ ರಿಯೋದ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಹಾಡಿಯೂ ಇದ್ದರು. ಸ್ಟುಡಿಯೋಗೆ ಹೊಸಬರೇ ಹೊರತು ಹಾಡಿಗೆ ಹೊಸಬರಲ್ಲ. ಈ ಭೇದವನ್ನು ವಿಮರ್ಶಕರು ಮರೆತರು. (ಅದೇ ತಟ್ಟೆಯಲ್ಲಿ ‘ಶ್ರುತಿ ತಪ್ಪಿದವನು’ ಎಂಬ ಅರ್ಥದ ಹೆಸರುಳ್ಳ ಹಾಡೂ ಒಂದಿದೆ, ಅದನ್ನು ಜೋವಾವ್ ಚಾಚೂ ತಪ್ಪದ ಶ್ರುತಿಯಲ್ಲಿ ಹಾಡಿದ್ದಾರೆ.)

ಹಾಡಲು ಕರೆದವರಾರು ಎಂಬ ಪ್ರಶ್ನೆಯ ಸುತ್ತ ಹಲವು ಕಥೆಗಳಿವೆ. ಅಭ್ಯಾಸದ ನಡುವೆ ಜೋವಾವ್ ಅವರೇ ತಮ್ಮನ್ನು ಇಂಗ್ಲಿಷ್ ಭಾಗ ಹಾಡಲು ಕರೆದರೆಂದು ಆಸ್ಟ್ರುಡ್ ಹೇಳಿದ್ದಾರೆ. ಆದರೆ ಹಾಡು ಗೆದ್ದ ಮೇಲೆ ಗೆಟ್ಜ್ ಅವರು, ಆಕೆ ಆಗ ಗೃಹಿಣಿಯಷ್ಟೇ, ಹಾಡಿಸಿದ್ದು ತಾವೇ, ಎಂಬರ್ಥದಲ್ಲಿ ಪತ್ರಿಕೆಯವರೊಡನೆ ಮಾತಾಡಿದರು. ‘ಏನೂ ಅರಿಯದ ಹುಡುಗಿ’ ಎಂಬ ಹೊಗಳಿಕೆಯ ಉಪಯೋಗ ಇಲ್ಲಿ ಗೋಚರವಾಗುತ್ತದೆ. ಹಾಡಿದವಳು ಅರಿಯದವಳಾದಷ್ಟೂ ಹಾಡಿಸಿದವನ ಹಿರಿಮೆ ಬೆಳೆಯುತ್ತದೆ. ತಟ್ಟೆಯ ಮುಖಪುಟದಲ್ಲಿ ಆಕೆಯ ಹೆಸರಿಲ್ಲ. ಬೊಸ್ಸಾ ನೋವಾದ ಚರಿತ್ರೆ ಬರೆದ ರೂಯ್ ಕಾಸ್ಟ್ರೊ ಅವರ ಪ್ರಕಾರ ಆಕೆಗೆ ದೊರೆತದ್ದು ವಾದ್ಯಗಾರರ ಸಂಘದ ನಿಗದಿ ದರವಾದ 120 ಡಾಲರು.

ಮುದ್ರಣವಾದ ಮೇಲೆ ಒಂದು ವರ್ಷ ತಟ್ಟೆ ಹೊರಬರಲೇ ಇಲ್ಲ. 1964ರಲ್ಲಿ ಬಂತು. ಅದರ ಮೊದಲ ಹಾಡು ಐದು ನಿಮಿಷ ಮೀರಿದ್ದರಿಂದ ರೇಡಿಯೋಗೆ ಉದ್ದವೆಂದು ತೋರಿತು. ಕತ್ತರಿಸಿ ಮೂರು ನಿಮಿಷದೊಳಕ್ಕೆ ತಂದು ಚಿಕ್ಕ ತಟ್ಟೆಯಾಗಿ ಹೊರಡಿಸಿದರು. ಕತ್ತರಿಗೆ ಸಿಕ್ಕಿದ್ದು ಜೋವಾವ್ ಪೋರ್ಚುಗೀಸಿನಲ್ಲಿ ಹಾಡಿದ ಭಾಗ. ವಿನಿಸಿಯಸ್ ದಿ ಮೊರಾಯಿಸ್ ಬರೆದ ಮೂಲದ ಸಾಹಿತ್ಯ ಹೋಗಿ, ನಾರ್ಮನ್ ಗಿಂಬೆಲ್ ಬರೆದ ಇಂಗ್ಲಿಷ್ ಸಾಹಿತ್ಯ ಮಾತ್ರ ಉಳಿಯಿತು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿದ್ದು, 1965ರಲ್ಲಿ ವರ್ಷದ ಉತ್ತಮ ಮುದ್ರಣವೆಂದು ಗ್ರ್ಯಾಮಿ ಪ್ರಶಸ್ತಿ ಪಡೆದದ್ದು ಈ ಹಾಡೇ.

ಎರಡು ಮೂರು ನುಡಿಗಳ ನಡುವೆ ಬಾಳುವ ಗಡಿನಾಡಿನವರು ಈ ಕತ್ತರಿಯ ಸದ್ದನ್ನು ಇತರರಿಗಿಂತ ಸ್ಪಷ್ಟವಾಗಿ ಕೇಳಬಲ್ಲರು. ಉದ್ದನೆಯ ಹಾಡಿನಲ್ಲಿ ಮೊದಲು ತಾಯ್ನುಡಿ ಮಾತಾಡುತ್ತದೆ. ಅನಂತರ ಅದೇ ಮನೆಯ ಹೆಣ್ಣು ಪರನುಡಿಯಲ್ಲಿ ಅದನ್ನೇ ಅತಿಥಿಗೆ ತಿಳಿಯ ಹೇಳುತ್ತಾಳೆ. ಆಕೆಯ ಇಂಗ್ಲಿಷಿನಲ್ಲಿ ಉಳಿದಿರುವ ಬ್ರೆಜಿಲಿನ ಸೊಗಡು ಆಗ ಅರ್ಥಪೂರ್ಣವಾಗುತ್ತದೆ. ಆ ನುಡಿ ಎಲ್ಲಿಂದ ಬಂತೆಂಬುದನ್ನು ಆಗಲೇ ಕೇಳಿರುತ್ತೇವೆ. ಕತ್ತರಿಸಿದ ಹಾಡಿನಲ್ಲಿ ಅದೇ ಸೊಗಡು ಬರಿಯ ವಿಚಿತ್ರ ಉಚ್ಚಾರವಾಗಿಬಿಡುತ್ತದೆ. ಆಸ್ಟ್ರುಡ್ ಅವರನ್ನು ಲೋಕ ‘ಮುಗ್ಧೆ’ ಎಂದು ಕೇಳಿದ್ದಕ್ಕೆ ಈ ಕತ್ತರಿಯೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

1965ರಲ್ಲಿ ಆಕೆಯದೇ ಹೆಸರು ಹೊತ್ತ ತಟ್ಟೆ ಹೊರಬಂತು. ಮುಂದೆ ಅವರು ಸ್ವತಃ ಹಾಡುಗಳನ್ನೂ ರಚಿಸಿದರು. ಅವುಗಳ ಗುಣದೋಷ ಬೇರೆ ಲೇಖನದ ವಿಷಯ. 2023ರ ಜೂನ್ 5ರಂದು ತೀರಿಕೊಂಡರು. ಈಗ ಎರಡು ಬಗೆಯ ಮುದ್ರಣಗಳೂ ಸುಲಭವಾಗಿ ದೊರೆಯುತ್ತವೆ. ವಿದ್ಯಾರ್ಥಿಗಳಿಗೆ ಕೇಳಿಸುವ ಅಧ್ಯಾಪಕರು ಮೊದಲು ಉದ್ದನೆಯದನ್ನು ಕೇಳಿಸಿ, ಅನಂತರ ಚಿಕ್ಕದನ್ನು ಕೇಳಿಸಿ, ಇಲ್ಲವಾದದ್ದು ಯಾವುದೆಂದು ಅವರನ್ನೇ ಕೇಳಲಿ.