ಕತೆ ಗೊತ್ತಿರುವ ಸಿನಿಮಾದಿಂದ ಶುರುಮಾಡಿ

ಸಿನಿಮಾ ಹೆಚ್ಚು ನೋಡಿದವನಲ್ಲ, ಈಗ ನೋಡಬೇಕು ಅನ್ನಿಸಿದೆ, ಎಲ್ಲಿಂದ ಹಿಡಿಯಲಿ ಎಂದು ಕೇಳಿದವರ ಕೈಗೆ ಬಲ್ಲವರು ಜಗತ್ತಿನ ನೂರು ಶ್ರೇಷ್ಠ ಚಿತ್ರಗಳ ಪಟ್ಟಿ ತುರುಕಿಬಿಡುತ್ತಾರೆ. ಮೂರನೆಯದಕ್ಕೇ ತೂಕಡಿಕೆ. ಇದು ನಮ್ಮಂಥವರಿಗಲ್ಲ ಬಿಡಿ, ಎಂದು ಅಲ್ಲಿಗೇ ಮುಗಿಯುತ್ತದೆ.

ನಾನು ಹೇಳುವುದಿಷ್ಟೆ: ಮೊದಲು ಕತೆ ಓದಿ, ಆಮೇಲೆ ಸಿನಿಮಾ ನೋಡಿ. ಮುಂದೇನಾಗುತ್ತದೋ ಎಂಬ ಚಡಪಡಿಕೆ ಇಲ್ಲದಿದ್ದರೆ ಕಣ್ಣು, ಕಿವಿಗೆ ಬಿಡುವು ಸಿಗುತ್ತದೆ. ಯಕ್ಷಗಾನಕ್ಕೆ ಹೋಗಿ ಬೆಳಗಿನ ತನಕ ಕೂರುವವರು ಕೀಚಕ ಸಾಯುತ್ತಾನೋ ಉಳಿಯುತ್ತಾನೋ ನೋಡಲು ಹೋಗುವುದಿಲ್ಲವಲ್ಲ.

ಹೀಗೆ ನೋಡಲು ಕನ್ನಡದವರಿಗೆ ಬೇಕಾದಷ್ಟಿದೆ. ‘ನಾಗರಹಾವು’ (1972) ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ. ತ.ರಾ.ಸು. ಅವರಿಗೆ ಅದು ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಗೊಣಗಿದ್ದು ಪ್ರಸಿದ್ಧ. ಓದಿ ನೋಡಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೂ ನಾನು ಪುಟ್ಟಣ್ಣನವರ ಕಡೆ. ನಾಯಕ ರಾಮಾಚಾರಿಯ ಹಠ ಎಂಥದ್ದೆಂದು ಮಾತಿನಲ್ಲಿ ಹೇಳುವ ಬದಲು ಅವನನ್ನು ಚಿತ್ರದುರ್ಗದ ಬಂಡೆಗಳ ನಡುವೆ ನಿಲ್ಲಿಸುತ್ತಾರೆ, ಸಾಕು. ಹಾಡು ಬಂದಾಗ ಓಡಿಸಬೇಡಿ. ‘ಬಾರೆ ಬಾರೆ’ ಹಾಡನ್ನು ನಿಧಾನಗತಿಯಲ್ಲಿ ಚಿತ್ರಿಸಿದ್ದಾರೆ. ಒನಕೆ ಓಬವ್ವನ ಪ್ರಸಂಗವಂತೂ ಹಾಡಿನೊಳಗೇ ಒಂದು ಪೂರ್ಣ ಸಿನಿಮಾ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಶಾಲೆ, ಕಾಲೇಜಿನಲ್ಲಿ ಎಷ್ಟೋ ಜನ ಓದಿದ್ದು. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಸಿನಿಮಾ ಮಾಡಿದರು. ಚೋಮನಾದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ. ಎತ್ತು ಇದ್ದೂ ಬೇಸಾಯಕ್ಕೆ ನೆಲ ಸಿಗದವನು ಯಾವಾಗ ದುಡಿ ಹಿಡಿಯುತ್ತಾನೆ, ಯಾವಾಗ ಅದರ ಬಡಿತ ಬಿರುಸಾಗುತ್ತದೆ, ಗಮನಿಸುತ್ತಾ ಹೋಗಿ. ಪುಸ್ತಕದಲ್ಲಿ ಊಹಿಸಿಕೊಂಡ ಸದ್ದು ಇಲ್ಲಿ ನಿಜವಾಗಿ ಎದೆಗೆ ಬಡಿಯುತ್ತದೆ.

ಇನ್ನು ‘ಘಟಶ್ರಾದ್ಧ’. ಇದಕ್ಕೆ ಒಂದು ಸಂಜೆ ಪೂರ್ತಿ ಎತ್ತಿಡಿ, ಫೋನು ಪಕ್ಕದ ಕೋಣೆಯಲ್ಲಿರಲಿ. ಅನಂತಮೂರ್ತಿಯವರ ಕತೆ, 1977ರಲ್ಲಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಮೊದಲ ಕಥಾಚಿತ್ರ, ಸ್ವರ್ಣಕಮಲ ತಂದದ್ದು. ಮಲೆನಾಡಿನ ಅಗ್ರಹಾರದ ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿ. ಪಾಠ ಹೇಳುವ ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಬಸುರಿಯಾಗಿದ್ದಾಳೆ. ಹುಡುಗ ಎಲ್ಲವನ್ನೂ ನೋಡುತ್ತಾನೆ, ಅರ್ಧದಷ್ಟೂ ಅವನಿಗೆ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ. ಇಡೀ ಚಿತ್ರ ನಿಂತಿರುವುದು ಈ ಎರಡರ ನಡುವಿನ ಜಾಗದಲ್ಲಿ. ಆದ್ದರಿಂದ ಪ್ರತಿ ದೃಶ್ಯದಲ್ಲೂ ನಾಣಿ ಎಲ್ಲಿದ್ದಾನೆ ಎಂದು ಹುಡುಕಿ. ದೊಡ್ಡವರ ಮಾತು ಅವನಿಗೆ ಎಷ್ಟು ದೂರದಿಂದ ಕೇಳುತ್ತಿದೆ? ಅವನು ಕೇಳಲಾರದ ಪ್ರಶ್ನೆ ಅವನ ಮುಖದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ? ಬದುಕಿರುವ ಮಗಳ ಶ್ರಾದ್ಧವನ್ನು ಅಪ್ಪನೇ ಮಾಡುವ ಹೊತ್ತಿಗೆ, ಇಷ್ಟು ನಿಧಾನ ಯಾಕೆ ಎಂದು ನೀವು ಕೇಳಲಾರಿರಿ.

ಒಂದು ಎಚ್ಚರಿಕೆ: ಮಸುಕಾದ ಹಳೆಯ ಪ್ರತಿಯಲ್ಲಿ ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಬರೀ ಕತ್ತಲಾಗಿ ಕಾಣುತ್ತದೆ. ಚಿತ್ರವನ್ನು ಬಯ್ಯುವ ಮುನ್ನ ಪ್ರತಿಯನ್ನು ಬಯ್ಯಿರಿ. ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದನ್ನು ಎಲ್ಲಾದರೂ ತೋರಿಸುತ್ತಿದ್ದರೆ ಬಸ್ಸು ಹತ್ತಿ ಹೋಗಿ.

ಇಷ್ಟಾದ ಮೇಲೆ ಹೊರನಾಡಿನ ಪಟ್ಟಿ ತೆರೆಯಬಹುದು. ಮೊದಲಿಗೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955): ಅಲ್ಲೂ ಒಬ್ಬ ಹುಡುಗ, ಅವನ ಅಕ್ಕ. ಆಮೇಲೆ ಜಪಾನಿನ ಓಜು ಅವರ ‘ಟೋಕಿಯೊ ಸ್ಟೋರಿ’ (1953). ವಯಸ್ಸಾದ ಅಪ್ಪ ಅಮ್ಮ ಊರಿನಿಂದ ಮಕ್ಕಳ ಮನೆಗೆ ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ಈ ಕತೆಗೆ ಪುಸ್ತಕ ಬೇಡ, ನಮ್ಮಲ್ಲಿ ಬಹಳ ಮನೆಗಳಿಗೆ ಇದು ಗೊತ್ತು. ಓಜು ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ, ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ತುಸು ತಗ್ಗಿನಲ್ಲಿ ಇಡುತ್ತಾರೆ. ನೀವೂ ಸೋಫಾ ಬಿಟ್ಟು ನೆಲದ ಮೇಲೆ ಕೂತು ನೋಡಿ. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ ಮುಂದಿನ ವರ್ಷಕ್ಕಿರಲಿ.