ಉಳ್ಳವರ ಮಿತವ್ಯಯ, ಇಲ್ಲದವರ ನ್ಯಾಯ: ‘ಲೌದಾತೊ ಸಿ’ಯ ಶಿಕ್ಷಣ ಚಿಂತನೆಗೊಂದು ವಿಮರ್ಶೆ

ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪರಿಪತ್ರದ ಆರನೆಯ ಹಾಗೂ ಕೊನೆಯ ಅಧ್ಯಾಯವು ಪರಿಸರ ಶಿಕ್ಷಣವನ್ನೂ ಪರಿಸರಸಂಬಂಧಿ ಆಧ್ಯಾತ್ಮಿಕತೆಯನ್ನೂ ಕುರಿತದ್ದು. ನಮ್ಮ ಶಾಲೆಗಳಲ್ಲಿಯೂ ಧರ್ಮಕೇಂದ್ರಗಳಲ್ಲಿಯೂ ಪತ್ರದ ಉಳಿದ ಭಾಗಗಳಿಗಿಂತ ಹೆಚ್ಚಾಗಿ ಬಳಕೆಯಾಗುತ್ತಿರುವುದು ಈ ಅಧ್ಯಾಯವೇ. ಇದನ್ನು ಪತ್ರದ ಮೊದಲ ಅಧ್ಯಾಯದಿಂದ ಬೇರ್ಪಡಿಸಿ ಓದಿದರೆ ಪರಿಸರ ಶಿಕ್ಷಣವು ಉಳ್ಳವರ ಸದಭ್ಯಾಸಗಳ ಪಾಠವಾಗಿ ಉಳಿಯುತ್ತದೆಯೇ ಹೊರತು ನ್ಯಾಯದ ಪಾಠವಾಗಲಾರದು ಎಂಬುದು ಈ ಲೇಖನದ ವಾದ.

211ನೆಯ ಪರಿಚ್ಛೇದವನ್ನು ಗಮನಿಸೋಣ. ಕಾನೂನು ಮಾತ್ರದಿಂದ ಮನುಷ್ಯನ ನಡತೆ ತಿದ್ದದು, ಸದ್ಗುಣಗಳು ಬೇರೂರಬೇಕು ಎಂದು ಅದು ಸರಿಯಾಗಿಯೇ ಹೇಳುತ್ತದೆ. ಸದ್ಗುಣವೆಂದರೆ ನೆಲೆನಿಂತ ಅಭ್ಯಾಸ ಎಂಬ ಸಂತ ಥಾಮಸ್ ಅಕ್ವಿನಾಸರ ಬೋಧನೆಯ ನೆರಳು ಇಲ್ಲಿದೆ. ಬಳಿಕ ನಿದರ್ಶನಗಳು ಬರುತ್ತವೆ: ಪ್ಲಾಸ್ಟಿಕ್ ತ್ಯಜಿಸುವುದು, ನೀರನ್ನು ಮಿತವಾಗಿ ಬಳಸುವುದು, ಕಸ ಬೇರ್ಪಡಿಸುವುದು, ಉಣ್ಣುವಷ್ಟೇ ಬೇಯಿಸುವುದು, ಅನಗತ್ಯ ದೀಪಗಳನ್ನು ಆರಿಸುವುದು. ಇನ್ನಷ್ಟು ವೆಚ್ಚ ಮಾಡುವ ಶಕ್ತಿಯಿದ್ದರೂ ಮನೆಯನ್ನು ಬೆಚ್ಚಗಿಡಲು ಇಂಧನ ಸುಡದೆ ದಪ್ಪ ಉಡುಪು ಧರಿಸುವವನು ಇಲ್ಲಿ ಆದರ್ಶ. ಈ ಪಾಠದ ವಿದ್ಯಾರ್ಥಿ ಯಾರೆಂಬುದನ್ನು ಪರಿಚ್ಛೇದವೇ ಹೇಳಿಬಿಟ್ಟಿದೆ: ವೆಚ್ಚ ಮಾಡಬಲ್ಲವನು. ಬಿಡುವುದಕ್ಕೆ ಏನಾದರೂ ಇರುವವನಿಗೆ ಮಾತ್ರ ತ್ಯಾಗವನ್ನು ಬೋಧಿಸಬಹುದು.

ಹಾಗಾದರೆ ಬಿಡುವುದಕ್ಕೇನೂ ಇಲ್ಲದವರ ಮಕ್ಕಳಿಗೆ ಪರಿಸರ ಶಿಕ್ಷಣವೆಂದರೇನು? ಈ ಪ್ರಶ್ನೆಯನ್ನು ದಾವಣಗೆರೆ ಜಿಲ್ಲೆಯ ನಾಲ್ಕು ತಾಲೂಕುಗಳ ನೆಲದಲ್ಲಿಟ್ಟು ಪರೀಕ್ಷಿಸಬಹುದು. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಪ್ರತ್ಯೇಕ ತಾಲೂಕಾಯಿತು. ಆಡಳಿತದ ಗೆರೆ ಇವನ್ನು ಒಂದುಗೂಡಿಸಿತು, ನೀರು ಒಂದುಗೂಡಿಸಲಿಲ್ಲ. ಚನ್ನಗಿರಿಯಲ್ಲಿ ಶತಮಾನಗಳಷ್ಟು ಹಳೆಯದಾದ ಸೂಳೆಕೆರೆ, ಅಂದರೆ ಶಾಂತಿಸಾಗರವಿದೆ, ಭದ್ರಾ ನಾಲೆಯಿದೆ, ಆ ನೀರಿನ ಬಲದಲ್ಲಿ ಬೆಳೆದ ಅಡಿಕೆ ತೋಟಗಳಿವೆ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹೊನ್ನಾಳಿಯ ಪಕ್ಕದಲ್ಲಿ ಹರಿಯುತ್ತಾರೆ. ನದಿ ಉಕ್ಕಿದಾಗ ಮೊದಲು ಮನೆ ಬಿಡಬೇಕಾದವರು ದಂಡೆಯ ತಗ್ಗಿನಲ್ಲಿರುವವರು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪೂಜಿಸುವ ಸೂರಗೊಂಡನಕೊಪ್ಪ ನ್ಯಾಮತಿ ತಾಲೂಕಿನಲ್ಲಿದೆ. ಈ ಸೀಮೆಯ ತಾಂಡಾಗಳಿಗೆ ಕಬ್ಬಿನ ಕಟಾವು, ಕಾಫಿ ತೋಟಗಳ ಕೂಲಿಗೆ ಗುಳೆ ಹೋಗುವುದು ಹೊಸದಲ್ಲ. ಇನ್ನು ಜಗಳೂರು ಮಳೆಯನ್ನೇ ನೆಚ್ಚಿದ ಬರದ ನಾಡು. ಅಲ್ಲಿ ಕೊಳವೆಬಾವಿ ಆಳಕ್ಕಿಳಿದಂತೆ ನೀರಿನೊಡನೆ ಫ್ಲೋರೈಡ್ ಕೂಡ ಮೇಲೇರುತ್ತದೆ.

ಜಗಳೂರಿನ ಹುಡುಗಿಗೆ ನೀರನ್ನು ಮಿತವಾಗಿ ಬಳಸು ಎಂದು ಕಲಿಸುವುದು ಉಪವಾಸವಿರುವವರಿಗೆ ಮಿತಾಹಾರವನ್ನು ಬೋಧಿಸಿದಂತೆ. ಅವಳು ಕೇಳಬೇಕಾದ ಪ್ರಶ್ನೆಗಳು ಬೇರೆ. ಒಂದೇ ಜಿಲ್ಲೆಯಲ್ಲಿ ಒಬ್ಬರ ತೋಟಕ್ಕೆ ನಾಲೆಯ ನೀರು, ಇನ್ನೊಬ್ಬರ ಕೊಡಕ್ಕೆ ಘಟಕದ ಮುಂದಿನ ಸರದಿ ಏಕೆ? 29.90 ಟಿಎಂಸಿ ನೀರನ್ನು ಬಯಲುಸೀಮೆಗೆ ಒಯ್ಯಲಿರುವ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತಲ್ಲ, ಆ ಮಾತು ಏನಾಯಿತು? ಭದ್ರಾ ಅಚ್ಚುಕಟ್ಟಿನ ರೈತರ ಆತಂಕಕ್ಕೂ ಜಗಳೂರಿನ ಬಾಯಾರಿಕೆಗೂ ನ್ಯಾಯ ಒದಗಿಸುವ ಹಂಚಿಕೆ ಯಾವುದು? ಇವೂ ಪರಿಸರ ಪಾಠಗಳೇ. ಇವುಗಳಿಗೆ 211ನೆಯ ಪರಿಚ್ಛೇದದಲ್ಲಿ ಎಡೆಯಿಲ್ಲ.

ಆದರೆ ಪತ್ರದಲ್ಲಿಯೇ ಎಡೆಯಿದೆ. ಶುದ್ಧ ನೀರು ಮನುಷ್ಯನ ಮೂಲಭೂತ ಹಕ್ಕೆಂದು 30ನೆಯ ಪರಿಚ್ಛೇದ ಸಾರುತ್ತದೆ. ತಜ್ಞರೂ ಅಭಿಪ್ರಾಯ ರೂಪಿಸುವವರೂ ಬಡವರಿಂದ ದೂರದ ನಗರಗಳಲ್ಲಿ ನೆಲೆಸಿರುವುದರಿಂದ ಅವರ ಚಿಂತನೆ ಕುರುಡಾಗುತ್ತದೆಂದು 49ನೆಯದು ಎಚ್ಚರಿಸುತ್ತದೆ. ಆ ಎಚ್ಚರಿಕೆ 211ನೆಯ ಪರಿಚ್ಛೇದಕ್ಕೂ ಅನ್ವಯಿಸುತ್ತದೆ. ಪತ್ರದ ವಿಮರ್ಶೆಗೆ ಬೇಕಾದ ಸಾಧನವನ್ನು ಪತ್ರವೇ ಒದಗಿಸಿರುವುದು ಅದರ ಹಿರಿಮೆ.

ವಿಶ್ವಕ್ಕೆಲ್ಲ ಬರೆದ ಪತ್ರದಲ್ಲಿ ಜಗಳೂರನ್ನು ಹುಡುಕುವುದು ನ್ಯಾಯವೇ ಎಂದು ಕೇಳಬಹುದು. ಅಲ್ಲ, ನಿಜ. ಆದರೆ ಅದನ್ನು ಜಗಳೂರಿನಲ್ಲಿ ಬೋಧಿಸುವವರು ನಾವು. ನಮ್ಮ ದೇಶದ ಕಾನೂನಿನಲ್ಲಿಯೂ ಇಂಥದೇ ಬಿರುಕಿದೆ. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಪರಿಸರಕ್ಕೆ ತರಗತಿಯಲ್ಲಿ ಕಡ್ಡಾಯ ಸ್ಥಾನ ಕೊಡಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಡ ಮಗುವಿಗೆ ತರಗತಿಯಲ್ಲಿ ಸ್ಥಾನ ಕೊಟ್ಟಿತು. ಆ ಪಾಠಕ್ಕೂ ಈ ಮಗುವಿಗೂ ನಂಟು ಬೆಸೆಯುವ ಹೊಣೆ ಉಪಾಧ್ಯಾಯರ ಮೇಲೆ ಬಿತ್ತು. ಒಳಗೊಳ್ಳುವಿಕೆಯೆಂದರೆ ಬೆಂಚಿನಲ್ಲಿ ಜಾಗ ಮಾತ್ರವಲ್ಲ. ಆ ಮಗುವಿನ ಅರಿವಿಗೆ ಪಾಠದೊಳಗೂ ಜಾಗ. ಗುಳೆ ಹೋಗಿ ಬಂದ ಹುಡುಗನ ಹೆಸರು ಗೈರುಹಾಜರಿಯ ಪಟ್ಟಿಯಲ್ಲಷ್ಟೇ ಉಳಿದರೆ, ಬರವನ್ನು ಬಲ್ಲ ಒಬ್ಬ ಸಾಕ್ಷಿಯನ್ನು ತರಗತಿ ಕಳೆದುಕೊಂಡಂತೆ.

ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯ ಇಲ್ಲಿ ನಮ್ಮ ಕೈಹಿಡಿಯುತ್ತದೆ. ಸುಖಾರಿನ ಬಾವಿಯ ಬಳಿ ಪ್ರಭುವು ಬೋಧನೆಯನ್ನು ಆರಂಭಿಸುವುದು ಯಾಚನೆಯಿಂದ. ಗುರುವಿನ ಕೈಯಲ್ಲಿ ಸೇದುವ ಪಾತ್ರೆಯಿಲ್ಲ. ಬಾವಿಯ ಆಳ ಬಲ್ಲವಳು ಸಮಾರ್ಯದ ಹೆಂಗಸು, ಅದನ್ನು ಅವಳು ಹೇಳಿಯೂ ಹೇಳುತ್ತಾಳೆ. ಕೊಡ ಹೊತ್ತವಳ ಅನುಭವವನ್ನು ಮೊದಲು ಕೇಳಿ, ಬಳಿಕ ಜೀವಜಲದ ಮಾತೆತ್ತುವುದು ಪ್ರಭುವಿನ ಕ್ರಮ. ಇದರಿಂದ ಕೊಡ ಹೊರುವುದನ್ನೇ ವೈಭವೀಕರಿಸಬಾರದು. ನೀರಿಗಾಗಿ ಶಾಲೆ ತಪ್ಪಿಸಿಕೊಂಡ ಹುಡುಗಿಗೆ ಬೇಕಾದದ್ದು ಹೊಗಳಿಕೆಯಲ್ಲ, ನಲ್ಲಿ. ಸಮಾರ್ಯದವಳೂ ಕೊನೆಗೆ ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡಿದಳೆಂಬುದನ್ನು ಮರೆಯಬಾರದು.

214ನೆಯ ಪರಿಚ್ಛೇದವು ಗುರುಮಠಗಳನ್ನು ಹೆಸರಿಸಿ ಹೊಣೆಯರಿತ ಸರಳತೆಯ ಶಿಕ್ಷಣವನ್ನು ಬಯಸುತ್ತದೆ. ಸರಳತೆ ಅಗತ್ಯ, ಅದರೊಡನೆ ನೆಲದ ಓದೂ ಬೇಕು. ಗುರುಪಟ್ಟಕ್ಕೆ ಸಿದ್ಧನಾಗುವವನು ತಾನು ಸೇವೆ ಸಲ್ಲಿಸಲಿರುವ ಧರ್ಮಕೇಂದ್ರದ ನೀರು ಎಲ್ಲಿಂದ ಬರುತ್ತದೆ, ಯಾರ ಬೀದಿಗೆ ಕೊನೆಗೆ ತಲುಪುತ್ತದೆ ಎಂಬುದನ್ನು ತಿಳಿದಿರಲಿ. ನಮ್ಮ ಶಾಲೆಗಳ ಪರಿಸರ ದಿನಾಚರಣೆಗಳಲ್ಲಿ ಸಸಿ ನೆಡುವ ಅತಿಥಿಗಿಂತ ಮೊದಲು, ಬೇಸಿಗೆಯಲ್ಲಿ ಆ ಸಸಿಗೆ ನೀರು ಹೊತ್ತು ತರಬೇಕಾದವರು ಮಾತಾಡಲಿ. ಆಗ ಆರನೆಯ ಅಧ್ಯಾಯ ಮೊದಲನೆಯದರೊಡನೆ ಕೂಡಿಕೊಳ್ಳುತ್ತದೆ.