ಒಳಬಂದವನು, ಹೊರಹೋದವನು: ಗಹುಂಜೆಯ ಎರಡು ವಾದಗಳು

ತಂಡದ ಆಯ್ಕೆಯ ಬಗ್ಗೆ ಕ್ರಿಕೆಟ್ ಅಭಿಮಾನಿಗಳು ನಡೆಸುವ ವಾದಕ್ಕೆ ಅದರದೇ ಆದ ಪ್ರಮಾಣಗಳೂ ತರ್ಕವೂ ನೆನಪೂ ಇರುವುದರಿಂದ, ಅದನ್ನು ಬರಿಯ ಗದ್ದಲವೆಂದು ತಳ್ಳಿಹಾಕದೆ ಒಂದು ವಿಮರ್ಶಾ ಪದ್ಧತಿಯೆಂದೇ ಒಪ್ಪಿಕೊಂಡು ಅದರ ಗುಣದೋಷಗಳನ್ನು ತೂಗಿ ನೋಡುವುದು ನ್ಯಾಯ. ಮುಂಬೈ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಯ ಗಹುಂಜೆಯಲ್ಲಿರುವ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣದಲ್ಲಿ ನೂರು ದಿನಗಳ ಅಂತರದೊಳಗೆ ನಡೆದ ಎರಡು ಪಂದ್ಯಗಳು ಈ ಪದ್ಧತಿಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಕಾಣಿಸುತ್ತವೆ. ಮೊದಲನೆಯದು 2024ರ ಅಕ್ಟೋಬರ್ 24ರಂದು ಆರಂಭವಾದ ಭಾರತ–ನ್ಯೂಜಿಲೆಂಡ್ ಟೆಸ್ಟ್. ಎರಡನೆಯದು 2025ರ ಜನವರಿ 31ರ ರಾತ್ರಿ ನಡೆದ ಭಾರತ–ಇಂಗ್ಲೆಂಡ್ ಟಿ20. ಮೊದಲ ಪಂದ್ಯದಲ್ಲಿ ವಾದ ಹುಟ್ಟಿದ್ದು ಯಾರನ್ನು ಆಡಿಸಬೇಕೆಂಬ ಪ್ರಶ್ನೆಯಿಂದ, ಎರಡನೆಯದರಲ್ಲಿ ಒಬ್ಬ ಆಟಗಾರನ ತಲೆಗೆ ಬಿದ್ದ ಪೆಟ್ಟಿನಿಂದ. ಎರಡೂ ಕಡೆ ಅಭಿಮಾನಿಗಳು ಬಳಸಿದ ತಕ್ಕಡಿ ಮಾತ್ರ ಒಂದೇ ಆಗಿತ್ತು ಎಂಬುದೇ ಇಲ್ಲಿ ಯೋಚಿಸಬೇಕಾದ ಸಂಗತಿ.

ಟೆಸ್ಟ್ ಪಂದ್ಯದ ಸಂಗತಿಯನ್ನು ಬೇಗ ಮುಗಿಸಬಹುದು. ಅದಕ್ಕೆ ಒಂದು ವಾರ ಮೊದಲು ಬೆಂಗಳೂರಿನಲ್ಲಿ ಭಾರತ 46 ರನ್ನಿಗೆ ಕುಸಿದಿತ್ತು; ಎರಡನೇ ಇನ್ನಿಂಗ್ಸಿನಲ್ಲಿ ಸರ್ಫರಾಜ್ ಖಾನ್ 150 ರನ್ ಹೊಡೆದಿದ್ದರು; ಕೆ.ಎಲ್. ರಾಹುಲ್ 0 ಮತ್ತು 12ಕ್ಕೆ ಔಟಾಗಿದ್ದರು. ಕುತ್ತಿಗೆ ನೋವಿನಿಂದ ಆ ಪಂದ್ಯ ತಪ್ಪಿಸಿಕೊಂಡಿದ್ದ ಶುಭಮನ್ ಗಿಲ್ ಪುಣೆಗೆ ಸಿದ್ಧರಾಗಿದ್ದರು. ಮೂವರಲ್ಲಿ ಒಬ್ಬರು ಹೊರಗುಳಿಯಲೇಬೇಕಾದಾಗ ಅಭಿಮಾನಿಗಳಲ್ಲಿ ಬಹುಪಾಲು ಜನ ರಾಹುಲ್ ಕಡೆಗೆ ಬೆರಳು ತೋರಿದರು. ಕೋಚ್ ಗೌತಮ್ ಗಂಭೀರ್ ಪಂದ್ಯದ ಹಿಂದಿನ ದಿನ, ಸಾಮಾಜಿಕ ಜಾಲತಾಣ ಹೇಳುವುದನ್ನು ನೋಡಿ ಆಡುವ ಹನ್ನೊಂದನ್ನು ಆರಿಸುವುದಿಲ್ಲ ಎಂಬ ಅರ್ಥದ ಮಾತಾಡಿ ರಾಹುಲ್ ಬೆನ್ನಿಗೆ ನಿಂತರಾದರೂ, ಮರುದಿನ ಬೆಳಿಗ್ಗೆ ಹೊರಬಿದ್ದ ಪಟ್ಟಿಯಲ್ಲಿ ರಾಹುಲ್ ಹೆಸರು ಇರಲಿಲ್ಲ. ಪುಣೆಯಲ್ಲಿ ಸರ್ಫರಾಜ್ ಗಳಿಸಿದ್ದು 11 ಮತ್ತು 9. ಮಿಚೆಲ್ ಸ್ಯಾಂಟ್ನರ್ ಎರಡು ಇನ್ನಿಂಗ್ಸ್‌ಗಳಲ್ಲಿ 13 ವಿಕೆಟ್ ಕಿತ್ತು ಭಾರತವನ್ನು 113 ರನ್ನುಗಳಿಂದ ಸೋಲಿಸಿದರು. 2012ರ ನಂತರ ತವರಿನಲ್ಲಿ ಸೋಲದೆ ಬಂದಿದ್ದ ಹದಿನೆಂಟು ಸರಣಿಗಳ ಓಟ ಅಲ್ಲಿಗೆ ನಿಂತಿತು. ಒಂದು ತಿಂಗಳ ನಂತರ ಪರ್ತ್‌ನಲ್ಲಿ ಅದೇ ರಾಹುಲ್ ಆರಂಭಿಕರಾಗಿ 77 ರನ್ ಗಳಿಸಿ ಯಶಸ್ವಿ ಜೈಸ್ವಾಲ್ ಜೊತೆ 201 ರನ್ನುಗಳ ಜೊತೆಯಾಟ ಕಟ್ಟಿದರು. ಅಭಿಮಾನಿಗಳ ತೀರ್ಪು ಹಿಂದಿನ ಪಂದ್ಯದ ಅಂಕಪಟ್ಟಿಯಾಚೆಗೆ ನೋಡಲು ಒಲ್ಲದು ಎಂಬ ಹಳೆಯ ದೂರಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಆದರೆ ಈ ದೋಷ ಆಯ್ಕೆಗಾರರಲ್ಲೂ ಇರುವುದರಿಂದ ಇದನ್ನು ಅಭಿಮಾನಿಗಳ ತಲೆಗೆ ಮಾತ್ರ ಕಟ್ಟುವುದು ಸರಿಯಲ್ಲ.

ಹೆಚ್ಚು ತಡೆದು ನೋಡಬೇಕಾದದ್ದು ಜನವರಿಯ ರಾತ್ರಿಯ ಪಂದ್ಯವನ್ನು. ಎರಡನೇ ಓವರಿನಲ್ಲೇ ಸಾಕಿಬ್ ಮಹಮೂದ್ ಮೂರು ವಿಕೆಟ್ ಕಿತ್ತಿದ್ದರಿಂದ ತತ್ತರಿಸಿದ್ದ ಭಾರತವನ್ನು ತಲಾ 53 ರನ್ ಗಳಿಸಿದ ಹಾರ್ದಿಕ್ ಪಾಂಡ್ಯ ಮತ್ತು ಶಿವಂ ದುಬೆ 181ರವರೆಗೆ ಎತ್ತಿದರು. ಕೊನೆಯ ಓವರಿನ ಐದನೇ ಎಸೆತದಲ್ಲಿ ಜೇಮಿ ಓವರ್ಟನ್ ಹಾಕಿದ ಬೌನ್ಸರ್ ದುಬೆಯ ಹೆಲ್ಮೆಟ್ಟಿಗೆ ಬಡಿಯಿತು. ಮೈದಾನದಲ್ಲೇ ತಪಾಸಣೆ ನಡೆಯಿತು. ದುಬೆ ಮುಂದುವರಿದು ಕೊನೆಯ ಎಸೆತದಲ್ಲಿ ರನ್ ಔಟಾದರು. ವಿರಾಮದ ವೇಳೆಗೆ ಅವರಿಗೆ ಸಣ್ಣಗೆ ತಲೆನೋವು ಕಾಣಿಸಿಕೊಂಡಿತೆಂದು ಬೌಲಿಂಗ್ ಕೋಚ್ ಮಾರ್ನೆ ಮಾರ್ಕೆಲ್ ಆಮೇಲೆ ತಿಳಿಸಿದರು. ತಂಡವು ಮ್ಯಾಚ್ ರೆಫ್ರಿಗೆ ಹರ್ಷಿತ್ ರಾಣಾ ಹೆಸರು ಕೊಟ್ಟಾಗ ಊಟಕ್ಕೆ ಕುಳಿತಿದ್ದ ರಾಣಾ ಎದ್ದು ಅವಸರವಾಗಿ ಸಿದ್ಧರಾಗಬೇಕಾಯಿತು. ತಮ್ಮ ಮೊದಲ ಅಂತರರಾಷ್ಟ್ರೀಯ ಟಿ20 ಆಡಿದ ಈ ವೇಗದ ಬೌಲರ್ ಪೂರ್ಣ ನಾಲ್ಕು ಓವರ್ ಎಸೆದು 33 ರನ್ನಿಗೆ 3 ವಿಕೆಟ್ ಪಡೆದರು. ಭಾರತ 15 ರನ್ನುಗಳಿಂದ ಗೆದ್ದು ಸರಣಿಯನ್ನೂ ತನ್ನದಾಗಿಸಿಕೊಂಡಿತು.

ಇಲ್ಲಿ ಬಳಕೆಗೆ ಬಂದದ್ದು ಕನ್ಕಷನ್ ಸಬ್‌ಸ್ಟಿಟ್ಯೂಟ್ ಎಂಬ ನಿಯಮ. ಕನ್ಕಷನ್ ಎಂದರೆ ತಲೆಗೆ ಪೆಟ್ಟು ಬಿದ್ದಾಗ ಮೆದುಳು ತಲೆಬುರುಡೆಯೊಳಗೆ ಅಲುಗಾಡಿ ಅದರ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು. ಹೊರಗೆ ಗಾಯ ಕಾಣದೆಯೂ ಇದು ಆಗಬಹುದು, ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಮೊದಲಾದ ಲಕ್ಷಣಗಳು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು, ಮತ್ತು ಅದು ಮಾಸುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. 2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಬೌನ್ಸರ್ ಬಡಿದು ಫಿಲಿಪ್ ಹ್ಯೂಸ್ ತೀರಿಕೊಂಡ ಮೇಲೆ ತಲೆಯ ಪೆಟ್ಟಿನ ವಿಷಯದಲ್ಲಿ ಕ್ರಿಕೆಟ್ ಜಗತ್ತು ಕಣ್ತೆರೆಯಿತು. 2019ರ ಆಗಸ್ಟ್‌ನಿಂದ ಐಸಿಸಿ ಬದಲಿ ಆಟಗಾರನಿಗೆ ಬ್ಯಾಟು, ಚೆಂಡು ಹಿಡಿಯುವ ಹಕ್ಕು ಕೊಟ್ಟಿತು. ಆದರೆ ಬದಲಿಗೆ ಬರುವವನು ಹೊರಹೋದವನಿಗೆ ಸಮಾನನಾಗಿರಬೇಕು, ಅವನ ಬರವಿನಿಂದ ಪಂದ್ಯದ ಉಳಿದ ಭಾಗದಲ್ಲಿ ತಂಡಕ್ಕೆ ಅತಿಯಾದ ಲಾಭ ಆಗಬಾರದು ಎಂಬ ಷರತ್ತು ಅದಕ್ಕಿತ್ತು. ರೆಫ್ರಿಯ ತೀರ್ಮಾನವೇ ಅಂತಿಮ, ಮೇಲ್ಮನವಿಗೆ ಅವಕಾಶವಿಲ್ಲ. ಆ ರಾತ್ರಿ ರೆಫ್ರಿಯ ಕುರ್ಚಿಯಲ್ಲಿದ್ದವರು ಜಾವಗಲ್ ಶ್ರೀನಾಥ್.

ಆಗಿನ ಇಂಗ್ಲೆಂಡ್ ನಾಯಕ ಜೋಸ್ ಬಟ್ಲರ್ ಇದು ಸಮಾನ ಬದಲಿಯೇ ಅಲ್ಲ ಎಂದು ನೇರವಾಗಿ ಹೇಳಿದರು. ಎರಡೂ ದೇಶಗಳ ಮಾಜಿ ಆಟಗಾರರು, ಅವರ ಹಿಂದೆ ಲಕ್ಷಾಂತರ ಅಭಿಮಾನಿಗಳು ಅದೇ ಮಾತನ್ನು ಹಿಡಿದರು. ದುಬೆ ಬ್ಯಾಟರ್, ಆಗೊಮ್ಮೆ ಈಗೊಮ್ಮೆ ಮಧ್ಯಮ ವೇಗದಲ್ಲಿ ಚೆಂಡೆಸೆಯುವವರು. ರಾಣಾ ಪೂರ್ಣಾವಧಿಯ ವೇಗಿ. ಆಲ್‌ರೌಂಡರ್ ರಮಣದೀಪ್ ಸಿಂಗ್ ತಂಡದಲ್ಲೇ ಇದ್ದರು. ಬ್ಯಾಟಿಂಗ್ ಮುಗಿದ ಮೇಲೆ ದುಬೆಗೆ ಉಳಿದಿದ್ದ ಪಾತ್ರ ಫೀಲ್ಡಿಂಗ್ ಮತ್ತು ಬಹುಶಃ ಒಂದೆರಡು ಓವರ್ ಮಾತ್ರ ಎಂಬ ಲೆಕ್ಕವನ್ನು ಅಭಿಮಾನಿಗಳು ನಿಯಮದ ಮಾತುಗಳಿಂದಲೇ ಎತ್ತಿ ತೋರಿಸಿದರು. ಈ ವಾದ ಬಲವಾದದ್ದು. ಭಾರತದ ಅಭಿಮಾನಿಗಳಲ್ಲೂ ಅನೇಕರು ಗೆಲುವಿನ ಸಂಭ್ರಮ ಬದಿಗಿಟ್ಟು ಇದನ್ನು ಒಪ್ಪಿಕೊಂಡದ್ದು ಈ ಪದ್ಧತಿಯ ಬಗ್ಗೆ ಗೌರವ ಹುಟ್ಟಿಸುವ ಸಂಗತಿ. 2020ರ ಡಿಸೆಂಬರಿನಲ್ಲಿ ಕ್ಯಾನ್ಬೆರಾದಲ್ಲಿ ರವೀಂದ್ರ ಜಡೇಜ ಬದಲಿಗೆ ಬಂದ ಯಜುವೇಂದ್ರ ಚಾಹಲ್ ಮೂರು ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದದ್ದನ್ನು ಹಲವರು ನೆನಪಿಸಿದರು. 2025ರ ಜೂನ್‌ನಲ್ಲಿ ಐಸಿಸಿ ನಿಯಮ ಬದಲಿಸಿ, ವಿಕೆಟ್‌ಕೀಪರ್, ಬ್ಯಾಟರ್, ವೇಗಿ, ಸ್ಪಿನ್ನರ್, ಆಲ್‌ರೌಂಡರ್ ಹೀಗೆ ಐವರು ಬದಲಿಗಳ ಹೆಸರನ್ನು ಪಂದ್ಯಕ್ಕೆ ಮೊದಲೇ ಕೊಡಬೇಕೆಂದು ಹೇಳಿದಾಗ, ಇಂಥ ವಾದಗಳು ಬೊಟ್ಟು ಮಾಡಿದ್ದ ಸಂದು ಬಹುಮಟ್ಟಿಗೆ ಮುಚ್ಚಿತು.

ಇಷ್ಟನ್ನು ಒಪ್ಪಿದ ಮೇಲೂ ಆ ವಾದದ ತೂಕ ಬಿದ್ದದ್ದು ತಪ್ಪು ತಟ್ಟೆಗೆ ಎಂದೇ ಹೇಳಬೇಕಾಗುತ್ತದೆ. ಒಳಬಂದವನ ವೇಗ, ವಿಕೆಟ್, ಯೋಗ್ಯತೆಗಳನ್ನು ದಿನಗಟ್ಟಲೆ ಅಳೆದವರು ಹೊರಹೋದವನ ತಲೆಯನ್ನು ಹೆಚ್ಚುಕಡಿಮೆ ಮರೆತರು. ನೆನೆದಾಗಲೂ ಅದು ಅನುಮಾನದ ರೂಪದಲ್ಲೇ ಬಂತು: ಪೆಟ್ಟು ಬಿದ್ದ ಮೇಲೂ ಇನ್ನಿಂಗ್ಸಿನ ಕೊನೆಯವರೆಗೆ ಆಡಿದವನಿಗೆ ಕನ್ಕಷನ್ ಆಗಿತ್ತೆಂದು ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು ಸುನಿಲ್ ಗಾವಸ್ಕರ್ ಅವರಂಥ ಹಿರಿಯರೂ ತಮ್ಮ ಬರಹದಲ್ಲಿ ಎತ್ತಿದರು. ಹೆಲ್ಮೆಟ್ ಇಲ್ಲದೆ ವೆಸ್ಟ್ ಇಂಡೀಸ್ ವೇಗಿಗಳನ್ನು ಎದುರಿಸಿದವರ ಮಾತಿಗೆ ಅದರದೇ ತೂಕವಿದ್ದರೂ ಈ ತರ್ಕ ಅಪಾಯಕಾರಿ. ಏಕೆಂದರೆ ಲಕ್ಷಣಗಳು ತಡವಾಗಿ ಬರಬಹುದೆಂಬ ವೈದ್ಯಕೀಯ ಸತ್ಯವನ್ನು ಅದು ಬದಿಗೊತ್ತುತ್ತದೆ, ಕ್ರೀಸಿನಲ್ಲಿ ಉಳಿದದ್ದನ್ನೇ ಆರೋಗ್ಯದ ಪುರಾವೆಯಾಗಿಸುತ್ತದೆ, ಹಾಗಾಗಿ ಮುಂದೊಮ್ಮೆ ತಲೆ ಗಿಮ್ಮೆಂದ ಹುಡುಗನೊಬ್ಬ ಕಳ್ಳನೆನಿಸಿಕೊಳ್ಳುವ ಹೆದರಿಕೆಗೆ ಬಾಯಿ ಬಿಡದೆ ಉಳಿಯಬಹುದು.

ಕೇಳಲೇಬೇಕಾಗಿದ್ದ ಪ್ರಶ್ನೆ ಎರಡು ದಿನಗಳ ನಂತರ ಎದುರಿಗೇ ಬಂದು ನಿಂತಿತ್ತು. ಫೆಬ್ರವರಿ 2ರ ಭಾನುವಾರ ಮುಂಬೈಯ ವಾಂಖೆಡೆಯಲ್ಲಿ ಶಿವಂ ದುಬೆ ಮತ್ತೆ ಆಡಿದರು, 13 ಎಸೆತಗಳಲ್ಲಿ 30 ರನ್ ಹೊಡೆದರು, ಎರಡು ವಿಕೆಟ್ಟನ್ನೂ ಪಡೆದರು. ಶುಕ್ರವಾರ ಆದದ್ದು ಕನ್ಕಷನ್ ಎಂದಾದರೆ ಭಾನುವಾರ ಅವರು ಮತ್ತೆ ಬೌನ್ಸರ್ ಎದುರಿಸಲು ನಿಂತದ್ದು ಆತಂಕದ ಸಂಗತಿ; ಅಲ್ಲವೆಂದಾದರೆ ಬದಲಿಯೇ ಸಲ್ಲದು. ಈ ಇಕ್ಕಟ್ಟಿನ ಎರಡನೇ ತುದಿಯನ್ನು ಎಲ್ಲರೂ ಹಿಡಿದರು. ಮೊದಲನೆಯದು ವಾದದ ಅಂಚಿನಲ್ಲೇ ಉಳಿಯಿತು. ಐಸಿಸಿಯ ಹೊಸ ನಿಯಮ ಕನ್ಕಷನ್ ಆದ ಆಟಗಾರ ಕನಿಷ್ಠ ಏಳು ದಿನ ಆಡಕೂಡದೆಂದು ವಿಧಿಸುತ್ತದೆ. ಆಸ್ಟ್ರೇಲಿಯಾದ ಫುಟ್‌ಬಾಲ್, ಅಂದರೆ ಅಂಡಾಕಾರದ ಮೈದಾನದಲ್ಲಿ ತಂಡಕ್ಕೆ ಹದಿನೆಂಟು ಜನರಂತೆ ಮೈಗೆ ಮೈ ತಾಗಿಸಿ ಆಡುವ ಆಟ, 2021ರಿಂದಲೇ ಇದಕ್ಕೆ ಕನಿಷ್ಠ ಹನ್ನೆರಡು ದಿನಗಳ ಅವಧಿ ಗೊತ್ತುಮಾಡಿದೆ. ಅಲ್ಲಿ ಅದೇ ವರ್ಷ ಗಾಯಾಳುವಿನ ಹೆಸರಿನಲ್ಲಿ ಬಂದ ಬದಲಿ ಆಟಗಾರನ ಸೌಲಭ್ಯವನ್ನು ಕ್ಲಬ್ಬುಗಳು ತಂತ್ರಕ್ಕಾಗಿ ಬಳಸುತ್ತಿವೆಯೆಂಬ ಗುಮಾನಿ ಹಬ್ಬಿ, 2023ರಲ್ಲಿ ಅದನ್ನು ತಂತ್ರದ ಬದಲಿಯೆಂದೇ ಮಾರ್ಪಡಿಸಲಾಯಿತು. ಹನ್ನೆರಡು ದಿನಗಳ ಗೆರೆ ಮಾತ್ರ ಉಳಿಯಿತು. ದಿನಗಳ ಲೆಕ್ಕವೇ ಮೊದಲೇ ನಿಗದಿಯಾಗಿರುವಾಗ ಫೈನಲ್ ಹತ್ತಿರವಿದೆಯೆಂಬ ಒತ್ತಡವಾಗಲಿ, ಆಟಗಾರನ ಹಟವಾಗಲಿ, ಅಭಿಮಾನಿಗಳ ಕೂಗಾಗಲಿ ಆಡಿಸುವ ತೀರ್ಮಾನವನ್ನು ಅಲುಗಿಸಲಾರದು. ಇಷ್ಟಿದ್ದೂ 2023ರ ಪಂದ್ಯವೊಂದರಲ್ಲಿ ಡಿಕ್ಕಿಯಾಗಿ ಪ್ರಜ್ಞೆ ತಪ್ಪಿದ ಮೆಲ್ಬೋರ್ನ್ ಕ್ಲಬ್ಬಿನ ಆಂಗಸ್ ಬ್ರೇಶಾ ಮುಂದಿನ ವರ್ಷ ವೈದ್ಯರ ಸಲಹೆಯಂತೆ ಆಟವನ್ನೇ ಬಿಡಬೇಕಾಯಿತು.

ದೇಹದ ನೋವನ್ನು ಶೌರ್ಯದ ಅಳತೆಗೋಲಾಗಿಸುವ ಅಭ್ಯಾಸ ಕನ್ನಡಿಗರಲ್ಲೂ ಆಳವಾಗಿದೆ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲನ್ ಎಸೆದ ಚೆಂಡಿನಿಂದ ದವಡೆ ಮುರಿದುಕೊಂಡ ಅನಿಲ್ ಕುಂಬ್ಳೆ, ಗಲ್ಲದಿಂದ ನೆತ್ತಿಯವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದ ಚಿತ್ರ ಅನೇಕ ಮನೆಗಳ ಕ್ರಿಕೆಟ್ ನೆನಪಿನಲ್ಲಿ ಮೊದಲ ಸ್ಥಾನದಲ್ಲಿದೆ. ಆ ಧೈರ್ಯ ದೊಡ್ಡದು, ಅದನ್ನು ಕಿರಿದುಮಾಡುವ ಹಕ್ಕು ಯಾರಿಗೂ ಇಲ್ಲ. ಅದೇ ಕುಂಬ್ಳೆ 2012ರಿಂದ 2021ರವರೆಗೆ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದರು, ಕನ್ಕಷನ್ ಬದಲಿಯ ನಿಯಮ ಜಾರಿಯಾದದ್ದು ಆ ಅವಧಿಯಲ್ಲೇ ಎಂಬುದು ಮಾತ್ರ ಆ ಚಿತ್ರದ ಪಕ್ಕದಲ್ಲಿ ಸಾಮಾನ್ಯವಾಗಿ ನೆನಪಾಗುವುದಿಲ್ಲ.

2025ರ ಜುಲೈನಲ್ಲಿ ಮ್ಯಾಂಚೆಸ್ಟರಿನಲ್ಲಿ ಪಾದದ ಮೂಳೆ ಮುರಿದುಕೊಂಡ ರಿಷಭ್ ಪಂತ್ ಕುಂಟುತ್ತಲೇ ಮತ್ತೆ ಬ್ಯಾಟಿಂಗ್‌ಗೆ ಇಳಿದಾಗ ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದಾದ ಬೆನ್ನಲ್ಲೇ, ಬೇರೆ ಗಾಯಗಳಿಗೂ ಬದಲಿ ಆಟಗಾರ ಬೇಕೆ ಎಂಬ ಚರ್ಚೆ ಎದ್ದಿತು. ಗಂಭೀರ್ ಬೇಕೆಂದರು, ಇಂಗ್ಲೆಂಡಿನ ಟೆಸ್ಟ್ ನಾಯಕ ಬೆನ್ ಸ್ಟೋಕ್ಸ್ ಅದನ್ನು ಹಾಸ್ಯಾಸ್ಪದವೆಂದರು. ಕೆಲವೇ ದಿನಗಳಲ್ಲಿ ಓವಲ್ ಮೈದಾನಕ್ಕೆ ಭುಜ ಕಳಚಿದ ಕ್ರಿಸ್ ವೋಕ್ಸ್ ಎಡಗೈಯನ್ನು ಜೋಳಿಗೆಪಟ್ಟಿಯಲ್ಲಿ ಕಟ್ಟಿಕೊಂಡು, ಒಂದೇ ಕೈಯಲ್ಲಿ ಬ್ಯಾಟು ಹಿಡಿದು ಇಳಿದರು. ಆಗಸ್ಟ್ ತಿಂಗಳಲ್ಲೇ ಬಿಸಿಸಿಐ ದೇಶೀಯ ಬಹುದಿನಗಳ ಪಂದ್ಯಗಳಲ್ಲಿ ಗಂಭೀರ ಗಾಯಕ್ಕೆ ಬದಲಿ ಆಟಗಾರನನ್ನು ಒಪ್ಪುವ ನಿಯಮ ತಂದಿತು. ಯಾವ ತಂಡ ಇದನ್ನು ಹೇಗೆ ದುರುಪಯೋಗ ಮಾಡೀತು ಎಂಬ ಲೆಕ್ಕಾಚಾರವೂ ಜೊತೆಜೊತೆಗೇ ಶುರುವಾಯಿತು.